ಕೊನೆಗೆ ಉಣ್ಣುವ ಜನರಲ್

ಫೋನ್ ರಿಂಗಾಯಿತು!

ಲಂಡನ್ನಿನ ಪಾರ್ಕ್ ರಾಯಲ್ ಏರಿಯಾದ ಒಂದು ಗೋಡೌನ್. ಅಕ್ಕಿ ಮೂಟೆಗಳ ಹಿಂದೆ ಕುಕ್ಕರಗಾಲಿನಲ್ಲಿ ನಾನು. ಆಚೆಗೆ ಒಬ್ಬ ಧಡಿಯ. ಕೆನ್ನೆಯ ಮೇಲೆ ಹಳೆಯ ಗಾಯ, ಕೈಯಲ್ಲಿ ಮೊಳದುದ್ದದ ಚಾಕು...

"ಯಾರದು?" ಇಂಗ್ಲಿಷಿನಲ್ಲಿ ಗುಡುಗಿದ.

ಫೋನ್ ನೋಡಿದೆ. ಶೇಷಾದ್ರಿ ಅಂಕಲ್. ನನ್ನ ಕ್ಲೈಂಟ್!

ಕಟ್ ಮಾಡಿ ಓಡಿದೆ.

ನಾನು ಸ್ಫೂರ್ತಿ. ಕ್ವೀನ್ಸ್‌ಬರಿಯಲ್ಲಿ ಸೀರೆ ಅಂಗಡಿಯ ಮೇಲಿನ ರೂಮೇ ನನ್ನ ಆಫೀಸು. ಲಂಡನ್ನಿನ ಕನ್ನಡದ ಅಪ್ಪ-ಅಮ್ಮಂದಿರು ಗಂಡು ಗೊತ್ತು ಮಾಡುವಾಗ ಮೊದಲು ಜೋಯಿಸರ ಹತ್ತಿರ ಹೋಗುತ್ತಾರೆ, ಆಮೇಲೆ ನನ್ನ ಹತ್ತಿರ ಬರುತ್ತಾರೆ. ಹುಡುಗ ಕುಡಿಯುತ್ತಾನಾ, ಕೆಲಸ ನಿಜವಾಗಿ ಇದೆಯಾ, ಎಲ್ಲಾದರೂ ಇನ್ನೊಬ್ಬಳು ಇದ್ದಾಳಾ... ಗ್ರಹಗಳು ಮುಚ್ಚಿಟ್ಟಿದ್ದನ್ನು ನಾನು ಬಯಲು ಮಾಡುತ್ತೇನೆ.

ಈ ಸಲದ ಗಂಡಿಗೆ ಅರವತ್ತು ದಾಟಿತ್ತು! ತಿಬೋ ಗಾರ್ನಿಯೆ. ಫ್ರೆಂಚ್ ಸೈನ್ಯದ ನಿವೃತ್ತ ಜನರಲ್. ಹೆಣ್ಣು ನಮ್ಮ ವತ್ಸಲಾ ಆಂಟಿ, ಮಕ್ಕಳ ಡಾಕ್ಟರಾಗಿ ರಿಟೈರ್ ಆದವರು, ಮೈಸೂರಿನವರು. ಗಂಡ ತೀರಿಕೊಂಡು ಬಹಳ ವರ್ಷವಾಗಿದೆ. ಆಂಟಿ ಹಲ್ಲು ಕಾಣುವಂತೆ ನಗುವುದನ್ನು ನಾನು ನೋಡಿದ್ದೇ ಈ ಮನುಷ್ಯ ಬಂದ ಮೇಲೆ.

ಅವರ ಅಣ್ಣ ಶೇಷಾದ್ರಿ ಅಂಕಲ್‌ಗೆ ಮಾತ್ರ ಅನುಮಾನ.

"ಮನೆಗೆ ಕರೆದು ಎಲೆ ಹಾಕಿದ್ರೆ ಕೂರ್ಲೇ ಇಲ್ಲ ಕಣಮ್ಮ! ಸೌಟು ಹಿಡ್ಕೊಂಡು ನಮಗೆಲ್ಲ ಬಡಿಸ್ದ. ಕೊನೇಲಿ ತಳದಲ್ಲಿದ್ದಿದ್ದನ್ನ ಕೆರ್ಕೊಂಡು ತಿಂದ. ಜನರಲ್ ಅಂತೆ ಜನರಲ್ಲು! ಸೈನ್ಯದಲ್ಲಿ ಅಡುಗೆಭಟ್ಟ ಆಗಿದ್ದ, ಬರ್ಕೊಡ್ತೀನಿ!"

"ಮೆಡಲ್ಸ್ ಇವೆಯಲ್ಲ ಅಂಕಲ್?"

"ಮೆಡಲ್ ಆನ್‌ಲೈನಲ್ಲಿ ಸಿಗತ್ತೆ. ಗತ್ತು ಸಿಗಲ್ವಲ್ಲ!"

ಇವತ್ತು ಮಧ್ಯಾಹ್ನ ನಿಶ್ಚಿತಾರ್ಥ. ಅಷ್ಟರೊಳಗೆ ಗಂಡು ಅಸಲಿ ಅಂತ ನಾನು ಹೇಳದಿದ್ದರೆ, ನೆಂಟರೆಲ್ಲರ ಎದುರಿಗೆ ಬಾಯಿ ಬಿಡುವುದಾಗಿ ಅಂಕಲ್ ಪಟ್ಟು ಹಿಡಿದಿದ್ದರು. ತಲೆ ತಗ್ಗಿಸಬೇಕಾದವರು ಆಂಟಿ. ಅದಕ್ಕೇ ಬೆಳಗ್ಗೆಯಿಂದ ಜನರಲ್ ಹಿಂದೆ ಬಿದ್ದಿದ್ದೆ. ಈ ಗೋಡೌನಿಗೆ ನುಸುಳಿದ್ದೆ. ಕಂಡದ್ದೇನು ಗೊತ್ತಾ?

ಜನರಲ್... ಏಪ್ರನ್ ಕಟ್ಟಿಕೊಂಡು ಹಂಡೆಯಂಥ ಪಾತ್ರೆಯಲ್ಲಿ ಕೈಯಾಡಿಸುತ್ತಿದ್ದರು!

ಅಡುಗೆಭಟ್ಟ! ಅಂಕಲ್ ಹೇಳಿದ್ದೇ ನಿಜ. ಪಾಪ ಆಂಟಿ... ಆಗಲೇ ಆ ದರಿದ್ರ ಫೋನ್ ರಿಂಗಾದದ್ದು.

ಸರಿ, ಓಡಿದೆ. ಎಡಕ್ಕೆ ಬೇಳೆ ಮೂಟೆ, ಬಲಕ್ಕೆ ಎಣ್ಣೆ ಡಬ್ಬ. ಎದುರಿಗೆ ಫೋರ್ಕ್‌ಲಿಫ್ಟ್! ಪಕ್ಕಕ್ಕೆ ಹಾರಿದೆ. ಹಿಂದೆ ಬೂಟಿನ ಸದ್ದು. ಬಾಗಿಲು ಕಂಡಿತು. ತಳ್ಳಿದೆ.

ಬಾಗಿಲಾಚೆ ಜನರಲ್ ನಿಂತಿದ್ದರು.

ಹಿಂದೆ ಚಾಕು, ಮುಂದೆ ಜನರಲ್! ಮುಷ್ಟಿ ಬಿಗಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬಾಯಿ ತೆರೆದರು.

"ಊಟ ಆಯ್ತಾ?"

ಕನ್ನಡದಲ್ಲಿ! ಆಂಟಿಯ ಪಾಠ.

"ಇ... ಇಲ್ಲ."

ಆಮೇಲೆ ಇಂಗ್ಲಿಷಿಗೆ ತಿರುಗಿದರು. "ಟ್ಯೂಬ್ ರೈಲಿನಿಂದಲೇ ನೀನು ಹಿಂದೆ ಬರೋದನ್ನ ನೋಡ್ತಿದ್ದೀನಿ ಮಗಳೇ. ಹಸಿದಿರಬೇಕು. ಪಾಸ್ಕಲ್, ತಟ್ಟೆ ಕೊಡು!"

ಧಡಿಯ ಪಾಸ್ಕಲ್ ಚಾಕು ಕೆಳಗಿಟ್ಟ. ಅದರ ಅಲಗಿಗೆ ಬೀನ್ಸ್ ಅಂಟಿತ್ತು.

ತಟ್ಟೆಯಲ್ಲಿ ಬಿಸಿಬೇಳೆಬಾತ್. ನಿಶ್ಚಿತಾರ್ಥಕ್ಕೆ ಅಂತ ಜನರಲ್ ಸ್ವಂತ ಕೈಯಿಂದ ಮಾಡಿದ್ದು. ಒಂದು ತುತ್ತು ಬಾಯಿಗಿಟ್ಟೆ...

ದೇವರೇ!

ಉಪ್ಪಿಗಿಂತ ರುಚಿಯಿಲ್ಲ ಅಂತ ಗಾದೆ ಕಟ್ಟಿದವರು ಈ ಪಾತ್ರೆ ನೋಡಿರಲಿಲ್ಲ.

ಜನರಲ್ ವ್ಯಾನ್ ತರಲು ಹೋದರು. ಪಾಸ್ಕಲ್ ನನಗೆ ನೀರು ಕೊಟ್ಟ.

"ಮೊದಲ ಸಲ ಅಡುಗೆ ಮಾಡಿದ್ದಾರೆ. ಹೇಳೋ ಧೈರ್ಯ ನನಗಿಲ್ಲ."

"ನೀನ್ಯಾರು?"

"ಈಗ ಈ ಗೋಡೌನ್ ನಡೆಸ್ತೀನಿ. ಆಗ ಅವರ ಸಿಪಾಯಿ. ಚಾಡ್‌ನ ಮರುಭೂಮಿ... ಅವರಾಗ ಲೆಫ್ಟಿನೆಂಟ್. ನಮ್ಮ ಟ್ರಕ್ ಕೆಟ್ಟು ನಿಂತಿತು. ಇದ್ದ ನೀರನ್ನ ಅವರೇ ಎಲ್ಲರಿಗೂ ಹಂಚಿದ್ರು. ಅವರ ಸರದಿ ಬಂದಾಗ ಕ್ಯಾನ್ ಖಾಲಿ. ಕುಡಿದ ಹಾಗೆ ನಟಿಸಿದ್ರು! ನಮಗೆ ಗೊತ್ತಾಗಿದ್ದು ಅವರು ಕುಸಿದು ಬಿದ್ದಾಗ."

"ಆಮೇಲೆ?"

"ಬೇರೂತ್, ಬೋಸ್ನಿಯಾ... ಕರ್ನಲ್ ಆದ್ರು, ಜನರಲ್ ಆದ್ರು. ಕೈಕೆಳಗೆ ಸಾವಿರಾರು ಜನ. ಆದ್ರೂ ಊಟದ ಸಾಲಿನಲ್ಲಿ ಕೊನೆಗೇ ನಿಲ್ತಿದ್ರು. ಕೊನೇ ಸಿಪಾಯಿ ಉಂಡ ಮೇಲೇ ಅವರು ಉಣ್ಣೋದು."

ತಟ್ಟೆ ಎತ್ತಿಕೊಂಡು ಇನ್ನೊಂದು ತುತ್ತು ತಿಂದೆ. ರುಚಿಗಲ್ಲ.

ಮತ್ತೆ ಫೋನ್. ಅಂಕಲ್! "ಎಲ್ರೂ ಬಂದಾಯ್ತು. ನಾನು ಎದ್ದು ಹೇಳೇಬಿಡ್ತೀನಿ!"

"ಒಂದಕ್ಷರ ಹೇಳ್ಬೇಡಿ ಅಂಕಲ್!"

ವ್ಯಾನ್ ಹತ್ತಿದೆವು. ಪಾಸ್ಕಲ್ ಸ್ಟೀರಿಂಗ್ ಹಿಡಿದ. ಹ್ಯಾಂಗರ್ ಲೇನ್ ರೌಂಡಬೌಟ್‌ನ ಟ್ರಾಫಿಕ್ಕಿನೊಳಗೆ ಅವನು ವ್ಯಾನ್ ನುಗ್ಗಿಸಿದ ಪರಿಗೆ ನಾನು ಮನೆದೇವರಿಗೆ ಹರಕೆ ಹೊತ್ತೆ. ಜನರಲ್ ಮಾತ್ರ ಪಾತ್ರೆ ತಬ್ಬಿಕೊಂಡು ಅಲುಗಾಡದೆ ಕೂತಿದ್ದರು.

ಆಂಟಿಯ ಮನೆಗೆ ನುಗ್ಗಿದಾಗ ಅಂಕಲ್ ಎದ್ದು ನಿಂತು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಯಿಗೆ ಒಂದು ಚಮಚ ತುರುಕಿದೆ.

ಅಂಕಲ್ ಕಣ್ಣಲ್ಲಿ ನೀರು!

"ಥೂ! ಯಾವ ಅಡುಗೆಭಟ್ಟ ಹೀಗೆ ಮಾಡ್ತಾನಮ್ಮ?"

"ಯಾರೂ ಮಾಡಲ್ಲ ಅಂಕಲ್. ಅದೇ ನನ್ನ ರಿಪೋರ್ಟು."

ಆಮೇಲೆ ಮರುಭೂಮಿಯ ಕತೆ ಹೇಳಿದೆ. ಅಂಕಲ್ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು, ಬಹಳ ಹೊತ್ತು.

ಉಂಗುರ ಬದಲಾಯಿತು. ನೆಂಟರು ಉಂಡರು. ಬಿಸಿಬೇಳೆಬಾತಿನ ಒಂದೊಂದು ತುತ್ತಿಗೇ ಬೆಚ್ಚಿ ಎಲ್ಲರೂ ಮೊಸರನ್ನಕ್ಕೆ ಹಾರಿದರು. ಆಮೇಲೆ ಶುರುವಾಯಿತು ನೋಡಿ, ಅಸಲಿ ಯುದ್ಧ!

"ನೀನು ಮೊದಲು," ಎಂದರು ಜನರಲ್, ಆಂಟಿಗೆ.

"ನಮ್ಮನೇಲಿ ಬಡಿಸೋಳು ಕೊನೇಲೇ ಊಟ ಮಾಡೋದು. ಕೂತ್ಕೊಳ್ರೀ!" ಆಂಟಿ ಕನ್ನಡದಲ್ಲೇ ಗದರಿದರು.

ಒಂದೇ ಸೌಟು. ಎರಡು ಕೈ. ಇಬ್ಬರೂ ಬಿಡಲಿಲ್ಲ. ಅನ್ನ ಆರುತ್ತಿತ್ತು...

ಶೇಷಾದ್ರಿ ಅಂಕಲ್ ನಡುವೆ ನುಗ್ಗಿ ಸೌಟು ಕಿತ್ತುಕೊಂಡರು. "ಇಬ್ರೂ ಕೂತ್ಕೊಳಿ! ಇವತ್ತು ಬಡಿಸೋದು ನಾನು."

ಕೂತರು, ಪಕ್ಕಪಕ್ಕ. ಜನರಲ್ ಕೈ ಎಲೆಗೆ ಇಳಿಯಲಿಲ್ಲ. ಆಂಟಿಯ ಮುಖವನ್ನೇ ನೋಡುತ್ತಿದ್ದರು.

ಆಂಟಿ ಆ ಬಿಸಿಬೇಳೆಬಾತ್ ಬಾಯಿಗಿಟ್ಟರು. ರೆಪ್ಪೆ ಮಿಟುಕಲಿಲ್ಲ. ನುಂಗಿದರು.

"ಹದವಾಗಿದೆ ಕಣ್ರೀ," ಎಂದರು.

ಸುಳ್ಳು ಹಿಡಿಯುವುದೇ ನನ್ನ ಹೊಟ್ಟೆಪಾಡು... ಆ ಒಂದನ್ನು ಮಾತ್ರ ಕೈಬಿಟ್ಟು, ಇನ್ನೊಂದು ಲೋಟ ನೀರು ಕುಡಿದೆ!