ಅಧ್ಯಕ್ಷರ ಹೆಗಲೇರಿದ ಕಂಬಳಿ

ಚಪ್ಪಾಳೆ ನಿಲ್ಲುವಂತೆಯೇ ಕಾಣಲಿಲ್ಲ.

ಕುರ್ಚಿಯ ಮೇಲೆ ಹಾಸಿದ್ದ ಕರಿಯ ಕಂಬಳಿಯನ್ನು ಸಿದ್ದಣ್ಣ ಶೇಠರು ಎರಡೂ ಕೈಗಳಿಂದ ಎತ್ತಿ, ಒಮ್ಮೆ ಕೊಡವಿ, ಹೆಗಲ ಮೇಲೆ ಹಾಕಿಕೊಂಡಿದ್ದರು.

"ಅರೆ ವಾ! ಖರೇ ಸತ್ಕಾರ ಅಂದ್ರ ಇದು ನೋಡ್ರಿ! ಶಾಲು ಎಲ್ಲಾರೂ ಹಾಕ್ತಾರ. ಇಂಥಾ ಘೊಂಗಡಿ ಯಾರು ಹಾಕ್ತಾರ?" ಎಂದು ಅವರು ಬಾಯ್ತುಂಬ ನಕ್ಕರು.

"ಪ್ರೆಸಿಡೆಂಟ್ ಸಾಹೇಬ್ರ, ಇಕಡೆ ಬಘಾ, ಈ ಕಡಿ ನೋಡ್ರಿ! ಜರಾ ನಗ್ರಿ!" ಎಂದು ಕ್ಲಬ್ಬಿನ ಕಾರ್ಯದರ್ಶಿ ಲೀಲಾಬಾಯಿ ಮೊಬೈಲ್ ಎತ್ತಿದರು. ಫೋಟೋ ಆಯಿತು. ಮತ್ತೆ ಚಪ್ಪಾಳೆ.

ಐದನೆಯ ತರಗತಿಯ ಸಾಲಿನಲ್ಲಿ ಕುಳಿತಿದ್ದ ಕಾಜಲ ಮಾತ್ರ ಚಪ್ಪಾಳೆ ತಟ್ಟಲಿಲ್ಲ.  ಆ ಕಂಬಳಿ ಅವಳ ಮನೆಯದು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಅವಳ ಮನೆಯ ಬೀರೋಬಾ ದೇವರದು.

ಬೋರಾಮಣಿ ಊರಿನ ಆಚೆಗಿನ ಆ ಸಣ್ಣ ವಸ್ತಿಯ ಕನ್ನಡ ಶಾಲೆಗೆ ಕುಡಿಯುವ ನೀರಿನ ಫಿಲ್ಟರ್ ಕೊಡಲೆಂದು ಸೊಲ್ಲಾಪುರದಿಂದ ಒಂದು ಸೇವಾ ಕ್ಲಬ್ಬಿನವರು ಬಂದಿದ್ದರು. ಬಟ್ಟೆಯ ವ್ಯಾಪಾರಿ ಸಿದ್ದಣ್ಣ ಶೇಠರು ಹೊಸ ಅಧ್ಯಕ್ಷರಾದ ಮೇಲೆ ಇದೇ ಮೊದಲ ಕಾರ್ಯಕ್ರಮ. "ನಾಳೆ ಪಾವ್ಣೇರು ಬರ್ತಾರ. ಕುರ್ಚಿ ಮ್ಯಾಲ ಹಾಸಾಕ ಯಾರ ಮನ್ಯಾಗರ ಛಲೋದೊಂದು ಇದ್ರ ತರ್ರಿ" ಎಂದು ಮುಖ್ಯ ಗುರುಗಳು ಹಿಂದಿನ ದಿನ ಮಕ್ಕಳಿಗೆ ಹೇಳಿದ್ದರು.

ಕಾಜಲಳದು ಕುರಿ ಸಾಕುವ ಮನೆತನ. ದೊಡ್ಡವರು ಮನೆಗೆ ಬಂದರೆ ಕಂಬಳಿ ಹಾಸಿ ಕೂರಿಸುವುದೇ ಅವರಲ್ಲಿ ಮರ್ಯಾದೆ. ಆದರೆ ಬಂದವರಿಗೆ ಹಾಸುವ ಕಂಬಳಿಯನ್ನು ಅಪ್ಪ ರೇವಣ್ಣ ಕುರಿಗಳ ಜೊತೆ ದುಧನಿಯ ಕಡೆಗೆ ಒಯ್ದಿದ್ದ. ಉಳಿದದ್ದು ದೇವರ ಮೂಲೆಯ ಹಗ್ಗದ ಮೇಲಿನದು ಒಂದೇ. ಕಾಜಲ 'ಆಯಿ' ಎಂದು ಕರೆಯುವ ಅಜ್ಜಿ ಸೋಮವ್ವ ಪ್ರತಿ ರವಿವಾರ ಅದನ್ನು ಹಾಸಿ, ಭಂಡಾರದ ಅರಿಶಿನ ಚೆಲ್ಲಿ, ಬೀರೋಬಾನ ಗದ್ದುಗೆ ಹೂಡುತ್ತಿದ್ದಳು. ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ.

ಅಂದು ಶನಿವಾರ. ಬೆಳಿಗ್ಗೆ ಅಜ್ಜಿ ಹೊಲಕ್ಕೆ ಹೋದ ಮೇಲೆ ಕಾಜಲ ಹೇಳದೆ ಕೇಳದೆ ಅದನ್ನು ಎಳೆದುಕೊಂಡು ಬಂದಿದ್ದಳು. ಅಜ್ಜಿ ಬರುವುದರೊಳಗೆ ತಂದಿಟ್ಟರೆ ಆಯಿತೆಂದು ಅವಳ ಲೆಕ್ಕ.

ಆ ಸೀಮೆಯಲ್ಲಿ ಕುರುಬರು ದೊಡ್ಡ ಅತಿಥಿಗೆ ಕಂಬಳಿ ಹೊದಿಸಿ ಸತ್ಕಾರ ಮಾಡುವ ರೂಢಿಯೂ ಇತ್ತು. ಸಿದ್ದಣ್ಣ ಶೇಠರಿಗೆ ಗೊತ್ತಿದ್ದದ್ದು ಅದೊಂದೇ. ಹಾಸುವುದೇ ಬೇರೆ, ಹೊದಿಸುವುದೇ ಬೇರೆ ಎಂಬುದು ಅವರಿಗೆ ಹೊಳೆಯಲಿಲ್ಲ. ಕಂಬಳಿ ಯಾರದು ಎಂಬ ಸಣ್ಣ ಪ್ರಶ್ನೆಯನ್ನು ಅಲ್ಲಿದ್ದ ಹಿರಿಯರಲ್ಲಿ ಒಬ್ಬರೂ ಕೇಳಲಿಲ್ಲ. ಮುಖ್ಯ ಗುರುಗಳಂತೂ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಅತಿಥಿಗಳು ಚಹಾ, ಅವಲಕ್ಕಿಗೆಂದು ಆಫೀಸಿನ ಕೋಣೆಗೆ ಹೋದರು. ಅದು ಮುಗಿದರೆ ಅವರು ಹೊರಡುವುದು ಅಕ್ಕಲಕೋಟೆಗೆ. ಅಲ್ಲಿ ಕಣ್ಣಿನ ತಪಾಸಣೆಯ ಶಿಬಿರವಿತ್ತು. ಗಾಡಿ ಬೇವಿನ ಮರದ ಕೆಳಗೆ ಸಿದ್ಧವಾಗಿ ನಿಂತಿತ್ತು.

ಕಾಜಲ ಆಫೀಸಿನ ಬಾಗಿಲಲ್ಲಿ ನಿಂತಳು.

"ಗುರೂಜಿ, ಆ ಕಂಬಳಿ ಕೂಡ್ರಾಕಂತ ತಂದಿದ್ದೆ. ಕೊಡಾಕ ಅಲ್ರಿ."

ಮುಖ್ಯ ಗುರುಗಳು ಥಟ್ಟನೆ ಹಿಂದೆ ನೋಡಿದರು. ಹೊರಗೆ ಬಂದು ಬಾಗಿಲು ಮುಚ್ಚಿದರು.

"ಈಗ ಹೇಳ್ತಿಯೇನ? ಫೋಟೋ ಗ್ರೂಪಿಗಿ ಹೋಗ್ಯದ! ಅಷ್ಟು ದೊಡ್ಡ ಫಿಲ್ಟರ್ ಕೊಟ್ಟವರಿಗಿ ಒಂದು ಕಂಬಳಿ ವಾಪಸ್ ಕೇಳ್ಬೇಕೇನ? ಸಾಲಿ ಇಜ್ಜತ್ ಹೋಗ್ತದ. ನಿಮ್ಮಪ್ಪಗ ನಾ ತಿಳಿಸಿ ಹೇಳ್ತೀನಿ, ನಡಿ."

"ಆಯಿಗಿ ಯಾರು ಹೇಳ್ತಾರ್ರಿ?"

"ಹೋಗಂದೆ ನಿನಗ!"

ಶಾಲೆಯ ಗೋಡೆಯ ಮೇಲೆ 'ಸತ್ಯವನ್ನೇ ನುಡಿಯಿರಿ' ಎಂದು ದೊಡ್ಡ ಅಕ್ಷರಗಳಲ್ಲಿ ಬರೆಸಿದವರು ಇದೇ ಗುರುಗಳು. ಕಾಜಲ ಆ ಗೋಡೆಯನ್ನೇ ಹಿಡಿದು ಮೆಟ್ಟಿಲಿಳಿದಳು.

ಕೆಳಗೆ ಅವಳ ತರಗತಿಯ ಅಮೋಲ ಕಾದಿದ್ದ. ಪಿಸುದನಿಯಲ್ಲಿ ಹೇಳಿದ: "ಗಾಡಿ ಡಿಕ್ಕಿ ತೆರದಾರ. ನಿಮ್ಮ ಕಂಬಳಿ ತಂದು ಅದರಾಗ ಇಟ್ಟಾರ. ಡ್ರಾಯವರ್ ಆ ಕಡಿ ತಂಬಾಕ ತಿಕ್ಕೋತ ನಿಂತಾನ. ತಗೊಂಡು ಓಡು!"

"ಕಳವು ಆಗ್ತದಲೇ."

"ನಿಮ್ದು ನೀ ತಗೊಂಡ್ರ ಕಳವು ಹೆಂಗ ಆಗ್ತದ, ಹುಚ್ಚಿ? ಲವಕರ್, ಜಲ್ದಿ ಹೋಗು!"

ಕಾಜಲ ಗಾಡಿಯ ಹಿಂದೆ ಹೋದಳು. ಖಾಲಿ ರಟ್ಟಿನ ಪೆಟ್ಟಿಗೆಗಳು, ಸುತ್ತಿಟ್ಟ ಬ್ಯಾನರ್, ಅವುಗಳ ನಡುವೆ ಕಂಬಳಿ. ಯಾರದೋ ಬೂಟಿನ ಜೋಡಿ ಅದರ ಅಂಚನ್ನು ತುಳಿದುಕೊಂಡು ಕುಳಿತಿತ್ತು.  ಬೂಟುಗಳನ್ನು ಆಚೆಗೆ ಸರಿಸಿದಳು. ಫ್ರಾಕಿನ ತುದಿಯಿಂದ ಅಂಚನ್ನು ಒರೆಸಿದಳು. ಆಚೆ ಈಚೆ ನೋಡಿ, ಕಂಬಳಿಯ ಕೆಳಗೆ ಕೈ ಹಾಕಿದಳು.

ಬೆಳಿಗ್ಗೆ ಹಗ್ಗದ ಹತ್ತಿರ ನಿಂತಾಗಲೂ ತಾನು ಹೀಗೆಯೇ ಆಚೆ ಈಚೆ ನೋಡಿದ್ದು ಅವಳಿಗೆ ನೆನಪಾಯಿತು. 

ಅವಳು ಕೈ ಹೊರಗೆ ತೆಗೆದಳು.

"ಅಯ್ಯ, ಯಾಕ ಬಿಟ್ಟಿ? ಬಂದ್ರು, ಬಂದ್ರು!" ಎಂದು ಅಮೋಲ ಮರದ ಹಿಂದೆ ಮರೆಯಾದ.

ಸಿದ್ದಣ್ಣ ಶೇಠರು ಕರವಸ್ತ್ರದಿಂದ ಕೈ ಒರೆಸಿಕೊಳ್ಳುತ್ತ ಬಂದರು. ಕಾಜಲ ಅವರಿಗೂ ಗಾಡಿಯ ಬಾಗಿಲಿಗೂ ನಡುವೆ ನಿಂತಳು. ಅವರ ಹಿಂದಿನಿಂದ ಮುಖ್ಯ ಗುರುಗಳು ಕಣ್ಣು ಕೆಕ್ಕರಿಸಿ 'ಸರಿ ಆಚೆ' ಎಂಬಂತೆ ಕೈಯಾಡಿಸಿದರು.

"ಏನವ್ವ, ಚಾಕ್ಲೇಟ ಸಿಗಲಿಲ್ಲೇನ?" ಎಂದು ಶೇಠರು ಕೇಳಿದರು.

"ಚಾಕ್ಲೇಟ ಬ್ಯಾಡ್ರಿ. ಕಂಬಳಿ ಬೇಕ್ರಿ."

"ಅಗಬಾಯಿ! ಸತ್ಕಾರ ವಾಪಸ್?" ಎಂದು ಲೀಲಾಬಾಯಿ ನಕ್ಕರು. ಉಳಿದವರೂ ನಕ್ಕರು.

"ಅದು ಸತ್ಕಾರದ್ದಲ್ರಿ. ನೀವು ಕೂಡ್ರಾಕ ಹಾಸಿದ್ದೆ. ಅದು ಬೀರೋಬಾಂದು. ನಾಳೆ ಆಯಿ ಅದರ ಮ್ಯಾಲ ಗದ್ದಿಗಿ ಹಾಕ್ತಾಳ್ರಿ. ಆಕಿಗಿ ಕೇಳಲಾರದ ತಂದೀನಿ." ಕಾಜಲ ಒಂದೇ ಉಸಿರಿನಲ್ಲಿ ಹೇಳಿದಳು. ಉಸಿರು ಮುಗಿದರೆ ಮಾತು ಮತ್ತೆ ಬಾಯಿಗೆ ಬರುವುದಿಲ್ಲವೆಂದು ಅವಳಿಗೆ ಭಯವಿತ್ತು.

"ಹುಡುಗಿ ಸಣ್ದು, ಸಾಹೇಬ್ರ, ತಿಳಿಯಂಗಿಲ್ಲ. ನೀವು ನಡೀರಿ, ಅಕ್ಕಲಕೋಟಿಗಿ ತಡಾ ಆಗ್ತದ" ಎಂದು ಮುಖ್ಯ ಗುರುಗಳು ಮುಂದೆ ಬಂದರು.

ಸಿದ್ದಣ್ಣ ಶೇಠರು ನಡೆಯಲಿಲ್ಲ. ಅವರ ಮುಖದ ನಗು ಮೆಲ್ಲಗೆ ಆರಿತು.

"ಆವಾಗ್ಲೇ ಯಾಕ ಹೇಳಲಿಲ್ಲ?"

"ಎಲ್ಲಾರೂ ಚಪ್ಪಾಳಿ ಹೊಡ್ಯಾಕತ್ತಿದ್ರಲ್ರಿ."

 ಲೀಲಾಬಾಯಿ ಮೊಬೈಲನ್ನು ಪರ್ಸಿಗೆ ಹಾಕಿದರು. ಮುಖ್ಯ ಗುರುಗಳು ಹೊಸ ಫಿಲ್ಟರಿನ ಕಡೆ ನೋಡತೊಡಗಿದರು.

ಶೇಠರಿಗೆ ಬಂದದ್ದು ಸಿಟ್ಟೋ ನಾಚಿಕೆಯೋ ಕಾಜಲಳಿಗೆ ತಿಳಿಯಲಿಲ್ಲ. ಅವರು ತಾವೇ ಗಾಡಿಯ ಹಿಂದೆ ಹೋಗಿ ಕಂಬಳಿಯನ್ನು ಎಳೆದುಕೊಂಡರು. ಅದನ್ನು ಮಡಚಲು ಅವರೊಬ್ಬರಿಂದ ಆಗಲಿಲ್ಲ. ಕಾಜಲ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಮಡಚಿದರು.

"ಆ ಫೋಟೋ ತಗದು ಬಿಡ್ರಿ" ಎಂದು ಅವರು ಲೀಲಾಬಾಯಿಗೆ ಹೇಳಿದರು. ಕಾಜಲಳ ತಲೆ ಸವರಲಿಲ್ಲ, ಶಾಬಾಸ್ ಎನ್ನಲಿಲ್ಲ. ಸುಮ್ಮನೆ ಗಾಡಿ ಹತ್ತಿದರು. ಗಾಡಿ ಧೂಳೆಬ್ಬಿಸಿಕೊಂಡು ಹೋಯಿತು.

ಕಾಜಲ ಮನೆಯವರೆಗೂ ಓಡಿದಳು. ಅಜ್ಜಿ ಇನ್ನೂ ಬಂದಿರಲಿಲ್ಲ. ದೇವರ ಮೂಲೆಯ ಹಗ್ಗ ಖಾಲಿಯಾಗಿ ಜೋತಾಡುತ್ತಿತ್ತು. ಕಂಬಳಿಯನ್ನು ಅದರ ಮೇಲೆ ಹಾಕಿದರೆ ಮುಗಿಯಿತು. ಮುಖ್ಯ ಗುರುಗಳು ಈ ಮಾತನ್ನು ಎಲ್ಲಿಯೂ ಎತ್ತುವುದಿಲ್ಲ. ಅಮೋಲನ ಬಾಯಿಯನ್ನು ಒಂದು ಪೇರಲ ಹಣ್ಣು ಕೊಟ್ಟು ಮುಚ್ಚಬಹುದು.

ಅವಳು ಕೈಗಳನ್ನು ಮೇಲೆತ್ತಿದಳು. ಉಣ್ಣೆಗೆ ಕಾರಿನ ಸೆಂಟಿನ ವಾಸನೆ ಹತ್ತಿತ್ತು. ಬಿಸಿಲಿಗೆ ಹಿಡಿದರೆ ಅದೂ ಹೋಗುತ್ತಿತ್ತು.

ಕೈಗಳು ಹಾಗೆಯೇ ಕೆಳಗಿಳಿದವು. ಕಂಬಳಿಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಹೊಸ್ತಿಲ ಬಳಿ ಕುಳಿತಳು.

ಓಣಿಯಲ್ಲಿ ಅಜ್ಜಿಯ ಕೆಮ್ಮು ಕೇಳಿಸಿತು. ತಲೆಯ ಮೇಲಿನ ಹುಲ್ಲಿನ ಹೊರೆಯನ್ನು ಅಂಗಳದಲ್ಲಿ ಇಳಿಸಿ ಸೋಮವ್ವ ಮೊಮ್ಮಗಳನ್ನು ನೋಡಿದಳು. ಆಮೇಲೆ ಕಂಬಳಿಯನ್ನು ನೋಡಿದಳು.

"ಯಾಕವ್ವ? ಐತವಾರ ನಾಳಿ ಅದ. ಇವತ್ತ ಯಾಕ ತಗದಿ ಅದನ್ನ?"

ಕಾಜಲ ಎದ್ದು ನಿಂತಳು. 

"ಆಯಿ, ನೀ ಮೊದಲ ನೀರು ಕುಡಿ" ಎಂದಳು ಅವಳು. "ಆಮ್ಯಾಲ ಎಲ್ಲಾ ಹೇಳ್ತೀನಿ."