ದಿಲ್ಲಿಗೆ ಹೋಗೋಕೆ ಒಳ್ಳೆ ತಿಂಗಳು

"ಮೇ ತಿಂಗಳಾ? ಬೇಡ್ವೇ ಬೇಡ!" ಫೋನಿನಲ್ಲಿ ಅಪ್ಪನ ದನಿ ಜೋರಾಯಿತು. "ಆಗ ದಿಲ್ಲಿ ಕಾದ ಹೆಂಚು ಕಣೇ. ರೊಟ್ಟಿ ತರ ಬೆಂದುಹೋಗ್ತೀರ."

ಹಂಸಿ ಬಿಡಲಿಲ್ಲ. "ಹಾಗಾದ್ರೆ ಜುಲೈ?"

"ಮಳೆ. ರಸ್ತೆ ತುಂಬ ಮೊಣಕಾಲುದ್ದ ನೀರು."

"ನವೆಂಬರ್?"

"ಹೊಗೆ. ನಿನ್ನ ತಮ್ಮನಿಗೆ ಮೊದಲೇ ಕೆಮ್ಮು."

"ಜನವರಿ! ನಮಗೆ ಚಳಿಗಾಲದ ರಜೆ ಇರುತ್ತೆ ಬಾಬು."

"ಮಂಜಿಗೆ ರೈಲುಗಳೆಲ್ಲ ಲೇಟು. ಸ್ಟೇಷನ್ನಲ್ಲಿ ದಿನವಿಡೀ ಕೂತಿರ್ತೀರಾ?"

ಹಂಸಿ ಫೋನನ್ನು ಅಮ್ಮನ ಕೈಗೆ ತುರುಕಿದಳು. "ತಗೋ ಇಜಾ, ನಾನು ಮಾತಾಡಲ್ಲ."

ಬಾಬು ದಿಲ್ಲಿಯಲ್ಲಿ ಒಂದು ದೊಡ್ಡ ಅಪಾರ್ಟ್‌ಮೆಂಟಿನ ಗೇಟ್ ಕಾಯುವ ಗಾರ್ಡ್. ಹಂಸಿ, ತಮ್ಮ ಪಂಕೂ, ಇಜಾ ಇರುವುದು ಅಲ್ಮೋಡಾದ ಹತ್ತಿರ, ಬೆಟ್ಟದ ಹಳ್ಳಿಯಲ್ಲಿ. ಅಲ್ಲಿ ಅಪ್ಪನಿಗೆ ಬಾಬು, ಅಮ್ಮನಿಗೆ ಇಜಾ ಅನ್ನುತ್ತಾರೆ. ಬಾಬು ಊರಿಗೆ ಬರುವುದು ವರ್ಷಕ್ಕೊಂದು ಸಲ, ಅದೂ ನಾಲ್ಕೇ ದಿನ.

ಮರುದಿನ ಶಾಲೆಯಲ್ಲಿ ಗೆಳತಿ ಭಾವನಾ ಇದನ್ನು ಕೇಳಿ ನಕ್ಕುಬಿಟ್ಟಳು. "ನಾವು ಮೇ ತಿಂಗಳಲ್ಲೇ ಹೋಗಿ ಬಂದ್ವಿ. ಏನೂ ಆಗ್ಲಿಲ್ಲ. ನಿಮ್ಮ ಬಾಬುಗೆ ನೀವು ಬರೋದೇ ಇಷ್ಟ ಇಲ್ಲ. ಬಿಸಿಲು, ಮಳೆ ಎಲ್ಲಾ ನೆಪ!"

ಆ ಮಾತು ಹಂಸಿಗೆ ಮುಳ್ಳಿನ ಹಾಗೆ ಚುಚ್ಚಿತು. ಎರಡು ದಿನ ಅವಳು ಫೋನ್ ಮುಟ್ಟಲಿಲ್ಲ. ಮೂರನೇ ದಿನ ತಾನಾಗಿಯೇ ತೆಗೆದುಕೊಂಡು ಕೇಳಿದಳು, "ನಾವು ಬಂದ್ರೆ ನಿನಗೆ ನಾಚಿಕೆನಾ ಬಾಬು?"

ಆ ಕಡೆ ಕಾರಿನ ಹಾರ್ನ್, ಗೇಟ್ ತೆರೆಯುವ ಸದ್ದು ಕೇಳಿಸಿತು. ಆಮೇಲೆ ಬಾಬು ಮೆಲ್ಲಗೆ ಹೇಳಿದ, "ದಸರಾ ರಜೆಗೆ ಬನ್ನಿ. ಆಗ ಮಳೆ ಹೋಗಿರುತ್ತೆ, ಹೊಗೆ ಬಂದಿರಲ್ಲ. ದಿಲ್ಲಿ ನೋಡೋ ಹಾಗಿರುತ್ತೆ."

ಅಕ್ಟೋಬರ್‌ನಲ್ಲಿ ಮೂವರೂ ಹೊರಟರು. ಬಾಬು ಹೇಳಿದ್ದು ನಿಜವಾಗಿತ್ತು. ಆಕಾಶ ನೀಲಿ, ಬೆಳಗಿನ ಗಾಳಿ ಹಿತ. ಮೆಟ್ರೋ ಹತ್ತಿದರು, ಇಂಡಿಯಾ ಗೇಟ್ ಮುಂದೆ ಐಸ್‌ಕ್ರೀಂ ತಿಂದರು. ಪಂಕೂ ಒಂದು ಸಲವೂ ಕೆಮ್ಮಲಿಲ್ಲ.

ಮೂರನೇ ದಿನ ಬಾಬುವಿಗೆ ಡ್ಯೂಟಿ. ಮಧ್ಯಾಹ್ನ ಇಜಾ ರೊಟ್ಟಿ ಕಟ್ಟಿಕೊಟ್ಟಳು. ಮಕ್ಕಳಿಬ್ಬರೂ ಡಬ್ಬಿ ಹಿಡಿದು ಗೇಟಿಗೆ ಬಂದರು.

ಗೇಟಿನ ಪಕ್ಕ ಒಂದು ತಗಡಿನ ಗೂಡು. ಒಳಗೆ ಒಂದೇ ಕುರ್ಚಿ. ಪಂಕೂ ಒಳಗೆ ನುಗ್ಗಿ, ಮೊಳೆಗೆ ಹಾಕಿದ್ದ ಉಣ್ಣೆ ಟೋಪಿಯನ್ನು ಮೂಗಿನ ತನಕ ಎಳೆದುಕೊಂಡ. "ನೋಡೇ, ನಾನು ಕರಡಿ!"

"ಲೇ ತೆಗಿಯೋ, ಅದು ಜನವರಿಗೆ," ಬಾಬು ನಕ್ಕ.

"ಈ ಬೂಟು?" ಪಂಕೂ ಕೇಳಿದ.

"ಮಳೆಗಾಲಕ್ಕೆ."

ಕಿಟಕಿಯ ಮೇಲೆ ಮಾಸಿದ ಮಾಸ್ಕ್, ಪಕ್ಕದಲ್ಲಿ ಕೆಮ್ಮಿನ ಔಷಧಿಯ ಬಾಟಲಿ. ಹಂಸಿ ಅದನ್ನು ಎತ್ತಿ ನೋಡಿದಳು. ಅರ್ಧ ಖಾಲಿಯಾಗಿತ್ತು.

"ಮತ್ತೆ ಮೇ ತಿಂಗಳಿಗೆ ಏನು ಬಾಬು?"

"ಈ ಟವೆಲ್. ನೆನೆಸಿ ತಲೆ ಮೇಲೆ ಹಾಕ್ಕೊಂಡ್ರೆ ತಂಪು. ಒಂದು ಗಂಟೆ ಇರುತ್ತೆ."

ಹಂಸಿ ತಗಡಿನ ಗೋಡೆ ಮುಟ್ಟಿದಳು. ಇಷ್ಟು ಹಿತವಾದ ದಿನದಲ್ಲೂ ಅದು ಬಿಸಿಯಾಗಿತ್ತು.

ಹಾರ್ನ್ ಆಯಿತು. ಬಾಬು ಓಡಿ ಗೇಟ್ ತೆರೆದು, ಸೆಲ್ಯೂಟ್ ಹೊಡೆದು ಮರಳಿದ. "ಏನೇ, ಒಳ್ಳೆ ಟೈಮಿಗೇ ಕರೆಸಿದೆ ತಾನೆ?"

"ಹೂಂ." ಹಂಸಿಗೆ ಇನ್ನೂ ಏನೇನೋ ಹೇಳಬೇಕು ಅನ್ನಿಸಿತು. "ಮೇ ತಿಂಗಳಲ್ಲಿ ನೀನೇ ಊರಿಗೆ ಬಾ ಬಾಬು. ಅಲ್ಲಿ ರಾತ್ರಿ ಕಂಬಳಿ ಹೊದ್ಕೋಬೇಕು."

"ರಜೆ ಕೊಡಬೇಕಲ್ಲೇ."

"ಕೇಳಿ ನೋಡು."

ಬಾಬು ಟವೆಲ್ ಮಡಚಿಟ್ಟ. ಆಮೇಲೆ, "ಆಯ್ತು, ಕೇಳ್ತೀನಿ," ಅಂದ.

ಹಂಸಿ ಡಬ್ಬಿ ಬಿಚ್ಚಿ ಅವನ ಕೈಗಿಟ್ಟಳು. "ನೀನು ಕೂತು ಊಟ ಮಾಡು. ಕಾರು ಬಂದ್ರೆ ನಾನು ಕೂಗ್ತೀನಿ."

ಅವಳು ಗೇಟಿನ ಸರಳು ಹಿಡಿದು, ರಸ್ತೆಯನ್ನೇ ನೋಡುತ್ತಾ ಬಿಸಿಲಲ್ಲಿ ನಿಂತಳು.