ಇಬ್ಬರಿಗೂ ಒಂದೇ ಪ್ಲಗ್

“ನಿಮ್ಮ ಕಾರಿನ ಹೊಟ್ಟೆ ತುಂಬಿದ ಮೇಲಾದ್ರೂ ನನ್ನ ಗಾಡಿಗೆ ಜಾಗ ಬಿಡಬೇಕು ಅನ್ನೋದು ಗೊತ್ತಾಗಲ್ವಾ?”

ಬೆಳಗಿನ ಪಾರ್ಕಿಂಗ್‌ನಲ್ಲಿ ನರ್ಸ್‌ನ ದನಿ ಕಂಬದಿಂದ ಕಂಬಕ್ಕೆ ಬಡಿಯಿತು. ಅವಳ ಸ್ಕೂಟರ್‌ನಲ್ಲಿ ಒಂದೇ ಗೆರೆ ಚಾರ್ಜ್ ಉಳಿದಿತ್ತು. ಗೋಡೆಯ ಚಾರ್ಜಿಂಗ್ ಪಾಯಿಂಟಿನಲ್ಲಿ ಪಕ್ಕದ ಕಾರಿನ ಪ್ಲಗ್ ಇನ್ನೂ ಹಾಗೇ ಕೂತಿತ್ತು.

ಕಾರಿನವನು, ಮೂರನೇ ಮಹಡಿಯ ಕ್ಯಾಬ್ ಡ್ರೈವರ್, ಆಗಷ್ಟೇ ಮೆಟ್ಟಿಲಿಳಿದು ಬಂದಿದ್ದ. ಕಣ್ಣು ಕೆಂಪಗಿದ್ದವು. ಶರ್ಟಿನ ಗುಂಡಿಗಳು ಮೇಲೆ ಕೆಳಗಾಗಿದ್ದವು.

“ಎಚ್ಚರ ಆಗ್ಲಿಲ್ಲ...” ಎಂದ, ಅಷ್ಟೇ.

ಎಚ್ಚರ ಆಗಲಿಲ್ಲವಂತೆ... ಎಷ್ಟು ಸಲೀಸಾಗಿ ಹೇಳುತ್ತಾನೆ! ಅವಳ ಮೈಯೆಲ್ಲ ಉರಿಯಿತು.

“ಕಾಲಿನ ಗಾಯಕ್ಕೆ ಡ್ರೆಸಿಂಗ್ ಮಾಡಿಸ್ಕೊಳ್ಳೋಕೆ ಒಬ್ರು ಅಜ್ಜಿ ಹಲ್ಲು ಕಚ್ಚಿಕೊಂಡು ಕಾಯ್ತಿರ್ತಾರೆ. ಸಾಹೇಬ್ರಿಗೆ ಎಚ್ಚರ ಆಗ್ಲಿಲ್ಲ ಅಂತ ಅವರಿಗೆ ಹೇಳ್ಲಾ?”

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ತಿರುಗಿಯೂ ನೋಡದೆ ಬಸ್ ಸ್ಟಾಪಿನ ಕಡೆ ಓಡಿದಳು.

ಅವಳು ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವವಳು. ಅಂದು ಎಲ್ಲ ಕಡೆಗೂ ತಡ. ಅಜ್ಜಿ ಬೈಯಲಿಲ್ಲ. “ಇವತ್ತು ಬರಲ್ವೇನೋ ಅಂದ್ಕೊಂಡೆ ಮಗಳೇ” ಎಂದು ಕಣ್ಣೊರೆಸಿಕೊಂಡರು. ಬೈದಿದ್ದರೇ ವಾಸಿ ಇತ್ತು. ಅಲ್ಲಿಂದ ಹೊರಬಂದವಳೇ ಅಪಾರ್ಟ್‌ಮೆಂಟಿನ ಸೆಕ್ರೆಟರಿಗೆ ಫೋನ್ ಮಾಡಿ ಡ್ರೈವರ್ ಮೇಲೆ ದೂರು ಹೇಳಿಬಿಟ್ಟಳು.

ಸೆಕ್ರೆಟರಿಗೆ ಅಷ್ಟೇ ಬೇಕಾಗಿತ್ತು. ಹಳೆಯ ಕಟ್ಟಡ, ಹಳೆಯ ವೈರಿಂಗ್. ಒಂದು ಸಲಕ್ಕೆ ಒಂದೇ ಗಾಡಿ ಚಾರ್ಜ್ ಮಾಡಬೇಕು, ತುಂಬಿದವರು ಮುಂದಿನವರಿಗೆ ಪಾಯಿಂಟ್ ಬಿಟ್ಟುಕೊಡಬೇಕು ಎಂಬ ಮಾತಿನ ಮೇಲೆ ಆ ಚಾರ್ಜಿಂಗ್ ಪಾಯಿಂಟ್ ಬಂದಿತ್ತು. ಮೊದಲಿನಿಂದಲೂ ಅದನ್ನು ಕಂಡರಾಗದ ಆ ಮನುಷ್ಯ ಮಧ್ಯಾಹ್ನವೇ ಬೀಗ ಜಡಿದರು. ಭಾನುವಾರದ ಮೀಟಿಂಗಿನಲ್ಲಿ ಕಿತ್ತೇ ಹಾಕಿಸುತ್ತೇನೆ ಎಂದರು.

ಆ ಬೀಗ ತನಗೂ ಬಿತ್ತು ಎಂದು ಅವಳಿಗೆ ಹೊಳೆದದ್ದು ಸಂಜೆ, ಬಸ್ಸಿನಲ್ಲಿ ನೇತಾಡುತ್ತಾ ಬರುವಾಗ.

ಭಾನುವಾರ ಎಂದಿನ ಬಿಸ್ಕತ್ ಪೊಟ್ಟಣ ಹಿಡಿದು ವಾಚ್‌ಮನ್ ತಾತನ ಬಳಿ ಹೋದಳು. ಮನೆಗೆ ಬಂದವಳೇ ಹಾಸಿಗೆಗೆ ಬೀಳುವ ತನಗಾಗಿ ತಾತನೇ ಬೆಳಗಿನ ಜಾವ ಪ್ಲಗ್ ಬದಲಾಯಿಸುತ್ತಾನೆ ಎಂಬುದು ಅವಳ ನಂಬಿಕೆ. ಆ ಒಂದು ದಿನ ಪಾಪ, ಮರೆತಿರಬೇಕು.

“ಇನ್ಮೇಲೆ ನಿಮಗೂ ಆ ಕಷ್ಟ ಇಲ್ಲ ಬಿಡಿ ತಾತ.”

ತಾತ ಪೊಟ್ಟಣ ಮುಟ್ಟಲಿಲ್ಲ.

“ಅದು ನಾನಲ್ಲ ಕಣಮ್ಮ. ಆ ಡ್ರೈವರಪ್ಪ. ತನ್ನ ಕಾರು ತುಂಬೋ ಮೊದ್ಲೇ ಎದ್ದು ಬಂದು ನಿನ್ನ ಗಾಡಿಗೆ ಹಾಕ್ತಿದ್ದ. ತಾನು ಅರ್ಧ ಚಾರ್ಜಲ್ಲಿ ಹೋಗಿ ರಸ್ತೆ ಚಾರ್ಜರ್ ಹತ್ರ ಸಾಲಲ್ಲಿ ನಿಲ್ತಿದ್ದ. ಅವತ್ತು ಜ್ವರ. ಏಳೋಕೆ ಆಗಿಲ್ಲ.”

ಅವಳು ಪೊಟ್ಟಣ ಕೆಳಗಿಟ್ಟಳು. “ಇಷ್ಟು ದಿನ ಯಾಕೆ ಹೇಳ್ಲಿಲ್ಲ ತಾತ?”

“ನೀನು ಬಿಸ್ಕತ್ ಕೊಡ್ತಿದ್ದೆ... ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ದಿನವಿಡೀ ಬೇರೆಯವರ ಆರೈಕೆ ಮಾಡುವವಳು, ತನ್ನ ಬಗ್ಗೆಯೂ ಯಾರಾದರೂ ಯೋಚಿಸಬಹುದು ಎಂಬುದನ್ನೇ ಮರೆತಿದ್ದಳು. ಯೋಚಿಸಿದ ಒಬ್ಬನಿಗೂ ಎಂಥಾ ಮಾತಾಡಿಬಿಟ್ಟೆ...

ಮೀಟಿಂಗಿನಲ್ಲಿ ಎದ್ದು ನಿಂತು ಎಲ್ಲವನ್ನೂ ಎಲ್ಲರೆದುರು ಹೇಳಿದಳು. “ತಪ್ಪು ನನ್ನದು. ದಯವಿಟ್ಟು ಅದನ್ನ ಕೀಳಿಸಬೇಡಿ.”

“ನಾಳೆ ಮತ್ತೆ ಜಗಳ ಆದ್ರೆ? ಹೊತ್ತಲ್ಲದ ಹೊತ್ತಲ್ಲಿ ಎದ್ದು ಬದಲಾಯಿಸೋರ್ಯಾರು?” ಸೆಕ್ರೆಟರಿ ಗೊಣಗಿದರು.

“ನಾನು. ಬೀಗದ ಕೈ ನನಗೆ ಕೊಡಿ.”

ಸುತ್ತಲಿನವರು “ಕೊಡಿ ಸಾರ್, ಆಯ್ತಲ್ಲ” ಎಂದರು. ಸೆಕ್ರೆಟರಿ ಮುಖ ಗಂಟಿಕ್ಕಿಕೊಂಡೇ ಬೀಗದ ಕೈ ಮೇಜಿನ ಮೇಲಿಟ್ಟರು.

ಮೀಟಿಂಗ್ ಮುಗಿಸಿ ಅವಳು ನೇರ ಮುಖ್ಯರಸ್ತೆಗೆ ನಡೆದಳು. ಅಲ್ಲಿ ದೀಪದ ಕಂಬಕ್ಕೆ ಅಳವಡಿಸಿದ್ದ ಚಾರ್ಜರ್ ಮುಂದೆ ಕಾರುಗಳು ಸಾಲುಗಟ್ಟಿದ್ದವು. ಎರಡನೆಯದು ಡ್ರೈವರನದು. ಸ್ಟಿಯರಿಂಗ್ ಮೇಲೆ ತಲೆಯಿಟ್ಟಿದ್ದ. ಅವಳು ಗಾಜು ತಟ್ಟಿದಳು.

ಅವನು ಬೆಚ್ಚಿ ಎದ್ದು ಬಾಗಿಲು ತೆರೆದ. ಅವಳು ಪಕ್ಕದ ಸೀಟಿನಲ್ಲಿ ಕೂತು, ಏನೂ ಕೇಳದೆ ಅವನ ಹಣೆ ಮುಟ್ಟಿದಳು.

“ಇನ್ನೂ ಬಿಸಿ ಇದೆ. ಈ ಜ್ವರದಲ್ಲಿ ಕಾರು ಓಡಿಸ್ತಾರಾ?”

“ನಮ್ಮ ಪಾಯಿಂಟಿಗೆ ಬೀಗ ಹಾಕಿದ್ದಾರಲ್ಲ...”

ಅವಳು ಬೀಗದ ಕೈ ತೋರಿಸಿದಳು. “ಅವತ್ತೇ ಯಾಕೆ ಹೇಳ್ಲಿಲ್ಲ?”

“ನೀವು ಹೇಳೋಕೆ ಎಲ್ಲಿ ಬಿಟ್ರಿ?” ಅವನು ಸಣ್ಣಗೆ ನಕ್ಕ. “ಒಂದಿನ ನೀವು ನನ್ನ ಕಾರು ತುಂಬೋದನ್ನೇ ಕಾಯ್ತಾ ಮೆಟ್ಟಿಲ ಮೇಲೆ ನಿದ್ದೆ ಹೋಗಿದ್ರಿ. ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ. ಅವತ್ತಿಂದ ಹೀಗೇ...”

“ಹೀಗೇ ಅಂದ್ರೆ?”

“ಇಷ್ಟ ಆಗಿಬಿಟ್ರಿ.”

“ಬಾಯಿಬಿಟ್ಟು ಹೇಳೋಕೇನಾಗಿತ್ತು?”

“ನಾನು ಎದ್ದಿರುವಾಗ ನೀವು ಮಲಗಿರ್ತೀರಿ. ನೀವು ಏಳೋ ಹೊತ್ತಿಗೆ ನಾನು ರಸ್ತೇಲಿರ್ತೀನಿ. ಯಾವಾಗ ಹೇಳ್ಲಿ?”

ಅವಳ ಕಣ್ಣು ತುಂಬಿ ಬಂತು. “ಈಗ ಹೇಳಿದ್ರಲ್ಲ, ಸಾಕು. ನನಗೂ... ಇಷ್ಟ. ಮಲಗಿ. ನಾನು ಎಚ್ಚರವಾಗಿರ್ತೀನಿ.”

ಅವನು ಸೀಟು ಹಿಂದಕ್ಕೆ ಒರಗಿಸಿದ. ಕಣ್ಣು ಮುಚ್ಚಿದ್ದೇ ನಿದ್ದೆ ಬಂತು. ಮುಂದಿನ ಕಾರು ಹೊರಟಾಗ ಅವಳು ಅವನನ್ನು ಎಬ್ಬಿಸಲಿಲ್ಲ. ಸದ್ದಾಗದಂತೆ ಇಳಿದು, ಚಾರ್ಜರ್‌ನ ಉದ್ದನೆಯ ವೈರನ್ನು ಇದ್ದಲ್ಲಿಗೇ ಎಳೆದು ತಂದು ಕಾರಿಗೆ ಹಾಕಿದಳು.

ಅವಳು ಮರಳಿ ಬಂದು ಕೂತಾಗ ಬಾಗಿಲ ಸದ್ದಿಗೆ ಅವನು ಅರೆಗಣ್ಣು ತೆರೆದ. “ಸರದಿ ಬಂತಾ?”

“ಬಂತು. ಪ್ಲಗ್ ಹಾಕಿದ್ದೀನಿ. ನೀವು ಮಲಗಿ.”